ಹಾಲು ಬಿಟ್ಟ ಹಂದಿಮರಿಗಳ ಮರುಕಳಿಸುವ ಭೇದಿ: ತಪ್ಪು ಕರುಳಿನದೋ, ಫೀಡ್‌ನ ಬೂಷ್ಟಿನದೋ?

ದೂರು ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿ ಬರುತ್ತದೆ. ನಾಲ್ಕು ವಾರಕ್ಕೆ ತಾಯಿಯಿಂದ ಬಿಡಿಸಿದ ಮರಿಗಳು, ಐದಾರನೇ ದಿನಕ್ಕೆ ಭೇದಿ. ಮಲದ ಮಾದರಿ ಲ್ಯಾಬ್‌ಗೆ ಹೋಗುತ್ತದೆ, ಇ. ಕೊಲೈ ಬ್ಯಾಕ್ಟೀರಿಯಾ ಅಂತ ವರದಿ ಬರುತ್ತದೆ. ನೀರಿನಲ್ಲಿ ಆಂಟಿಬಯಾಟಿಕ್ ಹಾಕಿದರೆ ಮೂರು ದಿನದಲ್ಲಿ ನೆಲ ಒಣಗುತ್ತದೆ. ಔಷಧಿ ನಿಲ್ಲಿಸಿ ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ರಾಡಿ. ಮುಂದಿನ ತಂಡಕ್ಕೂ ಅದೇ ಪಾಡು. ಔಷಧಿ ಬದಲಾಗುತ್ತದೆ, ಸೋಂಕು ನಿವಾರಕ ಬದಲಾಗುತ್ತದೆ, ಲಸಿಕೆ ಹಾಕಿದ್ದು ಸರಿಯಾಗಿದೆಯೇ ಎಂದು ಜಗಳವಾಗುತ್ತದೆ. ಬದಲಾಗದೆ ಉಳಿಯುವುದು ಫೀಡ್ ಒಂದೇ.

ಲ್ಯಾಬ್ ವರದಿ ಸುಳ್ಳಲ್ಲ. ಇ. ಕೊಲೈ ಇದ್ದದ್ದು ನಿಜ, ಭೇದಿ ಮಾಡಿಸಿದ್ದೂ ಅದೇ ಇರಬಹುದು. ಆದರೆ ಆರೋಗ್ಯವಂತ ಮರಿಯ ಕರುಳಿನಲ್ಲೂ ಇ. ಕೊಲೈ ಇರುತ್ತದೆ. ಅಷ್ಟು ದಿನ ತೆಪ್ಪಗಿದ್ದದ್ದು ಈಗ ಯಾಕೆ ಎದ್ದಿತು ಎಂಬುದಕ್ಕೆ ಆ ಕಾಗದದಲ್ಲಿ ಉತ್ತರವಿಲ್ಲ. ಔಷಧಿಗೆ ತಗ್ಗಿ, ಔಷಧಿ ನಿಂತ ಕೂಡಲೇ ಏಳುವ ಭೇದಿ ಕಂಡರೆ ನಾನು ಮಲ ನೋಡುವುದನ್ನು ಬಿಟ್ಟು ಫೀಡ್ ತೊಟ್ಟಿಯ ಹತ್ತಿರ ಹೋಗಿ ಕೂರುತ್ತೇನೆ. ಈ ಬರಹ ಅಲ್ಲಿಂದ ಶುರುವಾಗುವ ಹುಡುಕಾಟದ್ದು: ಫೀಡ್‌ಗೆ ಹಿಡಿದ ಬೂಷ್ಟು ಬಿಟ್ಟ ವಿಷ ಇದಕ್ಕೆ ಕಾರಣವೇ ಎಂಬ ಹುಡುಕಾಟ.

ಬೂಷ್ಟಿಗೆ ಕೈ ಹಾಕುವ ಮೊದಲು

ಕೆಲವು ಲಕ್ಷಣ ಕಂಡರೆ ಫೀಡ್ ತನಿಖೆ ನಂತರದ ಮಾತು, ಪಶುವೈದ್ಯರು ಮೊದಲು. ಜೋರು ಜ್ವರ, ಚರ್ಮ ಕೆಂಪು–ನೇರಳೆಗೆ ತಿರುಗುವುದು, ವಯಸ್ಸಿನ ಭೇದವಿಲ್ಲದೆ ಹಠಾತ್ ಸಾವು ಕಂಡರೆ ಆಫ್ರಿಕನ್ ಹಂದಿಜ್ವರ ಅಥವಾ ಸಾಮಾನ್ಯ ಹಂದಿಜ್ವರದ ಶಂಕೆ. ಆಗ ಯಾವ ಪ್ರಾಣಿಯನ್ನೂ, ಯಾವ ಚೀಲವನ್ನೂ ಹೊರಗೆ ಸಾಗಿಸದೆ ತಿಳಿಸಬೇಕು. ಒಂದೆರಡು ದಿನದೊಳಗೆ ದೊಡ್ಡವು ಚಿಕ್ಕವು ಎಲ್ಲವೂ ವಾಂತಿ ಭೇದಿ ಮಾಡಿಕೊಂಡರೆ ವೈರಸ್. ಮಲದಲ್ಲಿ ರಕ್ತ, ಲೋಳೆ ಇದ್ದರೆ ಹಂದಿ ಆಮಶಂಕೆ. ಕಣ್ಣಿನ ರೆಪ್ಪೆ ಊದಿ ಕಾಲು ತೊಡರುತ್ತಿದ್ದರೆ ಬಾವು ರೋಗ, ಅದು ಇ. ಕೊಲೈನದೇ ಇನ್ನೊಂದು ಬಗೆಯ ಕೆಲಸ. ಬೂಷ್ಟಿನ ವಿಷ ತಾನಾಗಿ ಜ್ವರ ಬರಿಸುವುದು ಕಡಿಮೆ, ಹಾಗಾಗಿ ಥರ್ಮಾಮೀಟರ್ ಮೊದಲ ಉಪಕರಣ.

ನೀರು ಮತ್ತು ಬೆಚ್ಚಗೆ, ಇವೆರಡನ್ನೂ ಐದು ನಿಮಿಷದಲ್ಲಿ ನೋಡಿ ಮುಗಿಸಿ. ಮರಿಗಳು ನೀರು ಕುಡಿಯುವ ನಿಪ್ಪಲ್ ಒತ್ತಿ ಹಿಡಿದು ಒಂದು ನಿಮಿಷ ಜಗ್ಗಿಗೆ ಹಿಡಿಯಿರಿ. ಆಗ ತಾನೇ ಹಾಲು ಬಿಟ್ಟ ಮರಿಗೆ ಅರ್ಧ ಲೀಟರ್‌ನಷ್ಟಾದರೂ ಬರಬೇಕು. ಮರಿಗಳು ಒಂದರ ಮೇಲೊಂದು ಗುಡ್ಡೆ ಬಿದ್ದು ಮಲಗಿದ್ದರೆ ಚಳಿ ಅಂತಲೇ ಅರ್ಥ. ಇವೆರಡರಲ್ಲಿ ತಪ್ಪಿದ್ದರೆ ಅದನ್ನು ಸರಿಪಡಿಸಿ ಎರಡು ದಿನ ಕಾಯಿರಿ, ಈ ಬರಹ ಎಲ್ಲೂ ಓಡಿಹೋಗುವುದಿಲ್ಲ.

ಒಳಗೆ ನಡೆಯುವುದು ಏನು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನ ಪರೀಕ್ಷೆಗಳೆಲ್ಲ ಇದರ ಮೇಲೇ ನಿಂತಿವೆ.

ಹಂದಿಮರಿಗೆ ಹೆಚ್ಚು ಕಾಟ ಕೊಡುವ ವಿಷ ಡಿಆಕ್ಸಿನಿವಲೆನಾಲ್. ಫ್ಯುಸೇರಿಯಂ ಎಂಬ ಬೂಷ್ಟು ಮೆಕ್ಕೆಜೋಳ, ಗೋಧಿ, ಬಾರ್ಲಿ ಹೊಲದಲ್ಲಿ ನಿಂತಿರುವಾಗಲೇ ಇದನ್ನು ಕಾಳಿನೊಳಗೆ ಬಿಡುತ್ತದೆ. ಉದ್ದ ಹೆಸರಾದ್ದರಿಂದ ಎಲ್ಲರೂ ‘ಡಾನ್’ ಎನ್ನುತ್ತಾರೆ. ಹೆಸರಿಗೆ ತಕ್ಕ ಹಾಗೆ ತಾನು ಮರೆಯಲ್ಲಿದ್ದು ಬೇರೆಯವರ ಕೈಯಲ್ಲಿ ಕೆಲಸ ಮಾಡಿಸುವ ಗಿರಾಕಿ ಇದು. ಸಾಕುಪ್ರಾಣಿಗಳಲ್ಲಿ ಇದಕ್ಕೆ ಹಂದಿಯಷ್ಟು ಬೇಗ ಸೋಲುವುದು ಇನ್ನೊಂದಿಲ್ಲ.

ಡಾನ್ ಜೀವಕೋಶದೊಳಗೆ ಪ್ರೋಟೀನ್ ತಯಾರಾಗುವ ರೈಬೋಸೋಮ್‌ಗೆ ಅಂಟಿಕೊಂಡು ಆ ಕೆಲಸವನ್ನು ನಿಲ್ಲಿಸುತ್ತದೆ. ಹಾಗಾಗಿ ಎಲ್ಲಿ ಕೋಶಗಳು ಬೇಗ ಬೇಗ ಹುಟ್ಟಬೇಕೋ ಅಲ್ಲಿ ಮೊದಲ ಏಟು. ಸಣ್ಣ ಕರುಳಿನ ಒಳಪದರ ಮೂರರಿಂದ ಐದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ, ಏಟು ಬೀಳುವುದು ಅದಕ್ಕೇ. ಆಹಾರ ಹೀರುವ ಬೆರಳಿನಂಥ ಚಾಚುಗಳು ಮೊಟಕಾಗುತ್ತವೆ. ಕೋಶ–ಕೋಶದ ನಡುವಿನ ಬೆಸುಗೆ ಸಡಿಲವಾಗುತ್ತದೆ. ಲೋಳೆ ಸುರಿಸುವ ಕೋಶಗಳು ಕಡಿಮೆಯಾಗಿ ಮೇಲಿನ ಲೋಳೆಯ ಹೊದಿಕೆ ತೆಳುವಾಗುತ್ತದೆ. ಗ್ಲೂಕೋಸ್ ಹೀರುವ ವ್ಯವಸ್ಥೆಯೂ ಮಂದವಾಗುತ್ತದೆ.

ಈಗ ಇದನ್ನು ಬ್ಯಾಕ್ಟೀರಿಯಾಗಳ ಕಡೆಯಿಂದ ನೋಡಿ. ಮೇಲೆ ಹೀರದೆ ಉಳಿದ ಪ್ರೋಟೀನ್, ಸಕ್ಕರೆ ಎಲ್ಲವೂ ಕೆಳಕ್ಕೆ ಹರಿದು ಬಂತು, ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಮತ್ತು ದೊಡ್ಡ ಕರುಳಿನಲ್ಲಿ ಪುಕ್ಕಟೆ ಊಟ. ಅದರಲ್ಲೂ ಪ್ರೋಟೀನ್ ಕೊಳೆತರೆ ಅಮೋನಿಯಾ, ಅಮೀನ್‌ಗಳು ಹೆಚ್ಚಿ ಒಳಗಿನ ಹುಳಿತನ ಇಳಿಯುತ್ತದೆ. ಹುಳಿಯಲ್ಲಿ ಸುಖವಾಗಿರುವ ಲ್ಯಾಕ್ಟೋಬ್ಯಾಸಿಲಸ್‌ಗಳ ಕೈ ಕೆಳಗಾಗಿ ಇ. ಕೊಲೈನಂಥವುಗಳ ಕೈ ಮೇಲಾಗುತ್ತದೆ. ತಡೆಯಲು ನಿಂತಿದ್ದ ಲೋಳೆಯೂ ತೆಳು, ಬೆಸುಗೆಯೂ ಸಡಿಲ. ಬ್ಯಾಕ್ಟೀರಿಯಾ ಹೊಸದಾಗಿ ಬರಬೇಕಾಗಿಯೇ ಇಲ್ಲ; ಇದ್ದದ್ದೇ ಸಾಕು.

ಇದಕ್ಕೆ ಹಸಿವೂ ಸೇರುತ್ತದೆ, ಇದನ್ನು ಹಲವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಲು ಬಿಟ್ಟ ಮರಿ ಎರಡು ದಿನ ಸರಿಯಾಗಿ ತಿನ್ನದಿದ್ದರೆ, ಯಾವ ವಿಷವೂ ಇಲ್ಲದೆಯೇ ಕರುಳಿನ ಚಾಚುಗಳು ಕುಗ್ಗುತ್ತವೆ. ಡಾನ್ ಮೊದಲು ಮಾಡುವುದೇ ತಿನ್ನುವುದನ್ನು ತಪ್ಪಿಸುವ ಕೆಲಸ. ಅಂದರೆ ವಿಷ ಒಂದು ಸಲ ನೇರವಾಗಿ ಹೊಡೆಯುತ್ತದೆ, ಉಪವಾಸ ಕೆಡವಿ ಇನ್ನೊಂದು ಸಲ ಹೊಡೆಯುತ್ತದೆ.

ಬೂಷ್ಟಿನ ಇನ್ನೊಂದು ವಿಷ ಫ್ಯುಮೋನಿಸಿನ್, ಅದರ ದಾರಿ ಬೇರೆ. ಅದು ಕೋಶದ ಹೊರಪೊರೆಗೆ ಬೇಕಾದ ಸ್ಫಿಂಗೋಲಿಪಿಡ್ ಎಂಬ ಕೊಬ್ಬಿನ ತಯಾರಿಯನ್ನು ಕೆಡಿಸುತ್ತದೆ. 2003ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಒಂದು ಪ್ರಯೋಗದಲ್ಲಿ ಮರಿಗಳಿಗೆ ಆರು ದಿನ, ದೇಹತೂಕದ ಕಿಲೋಗೆ ದಿನಕ್ಕೆ 0.5 ಮಿಲಿಗ್ರಾಂ ಫ್ಯುಮೋನಿಸಿನ್ ಬಿ1 ಕುಡಿಸಿ, ಆಮೇಲೆ ರೋಗಕಾರಕ ಇ. ಕೊಲೈ ಕೊಟ್ಟರು. ವಿಷ ಕುಡಿದ ಮರಿಗಳ ಕರುಳಿನಲ್ಲಿ ಆ ಬ್ಯಾಕ್ಟೀರಿಯಾ ವಿಷ ಕುಡಿಯದ ಮರಿಗಳಿಗಿಂತ ಹೆಚ್ಚು ನೆಲೆಯೂರಿತು. ಪ್ರಯೋಗವನ್ನು ಇಲ್ಲಿ ತಂದದ್ದು ಅದರಲ್ಲಿನ ಅನುಕ್ರಮಕ್ಕಾಗಿ: ಮೊದಲು ವಿಷ, ಆಮೇಲೆ ಬ್ಯಾಕ್ಟೀರಿಯಾ.

ಹಾಗಾದರೆ ಹಸುವಿಗೆ ಯಾಕೆ ಡಾನ್ ಅಷ್ಟು ತಟ್ಟುವುದಿಲ್ಲ? ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕೆ ಡಾನ್‌ನ ವಿಷದ ಕೊಂಡಿಯನ್ನು ಮುರಿಯುವ ಶಕ್ತಿಯಿದೆ. ಹಸುವಿನಲ್ಲಿ ಅವು ಮೊದಲ ಹೊಟ್ಟೆಯಲ್ಲೇ ಇರುವುದರಿಂದ ವಿಷ ಕರುಳಿಗೆ ಇಳಿಯುವಷ್ಟರಲ್ಲಿ ಹಲ್ಲು ಕಿತ್ತ ಹಾವು. ಹಂದಿಯಲ್ಲಿ ಅಂಥವು ಇದ್ದರೂ ಇರುವುದು ದೊಡ್ಡ ಕರುಳಿನಲ್ಲಿ. ವಿಷ ಅದಕ್ಕೆ ಮೊದಲೇ ಸಣ್ಣ ಕರುಳಿನಲ್ಲಿ ರಕ್ತ ಸೇರಿರುತ್ತದೆ. ಕಳ್ಳ ಮುಂಬಾಗಿಲಿನಲ್ಲಿ ಬರುವಾಗ ಕಾವಲುಗಾರ ಹಿತ್ತಲಲ್ಲಿ ಕೂತ ಹಾಗೆ. ಇನ್ನೂ ಒಂದು ಕೊಕ್ಕೆ ಇದೆ: ಗಿಡ ತನ್ನ ರಕ್ಷಣೆಗೆ ಡಾನ್‌ಗೆ ಗ್ಲೂಕೋಸ್ ಅಂಟಿಸಿ ಮುಚ್ಚಿಟ್ಟಿರುತ್ತದೆ, ಹಂದಿಯ ಕರುಳಿನ ಬ್ಯಾಕ್ಟೀರಿಯಾ ಆ ಗ್ಲೂಕೋಸ್ ಬಿಡಿಸಿಕೊಂಡು ವಿಷವನ್ನು ಮತ್ತೆ ಹೊರಗೆ ಬಿಡುತ್ತದೆ. ಮಾಮೂಲಿ ಪರೀಕ್ಷೆಯಲ್ಲಿ ಈ ಮುಚ್ಚಿಟ್ಟ ಪಾಲು ಎಷ್ಟೋ ಸಲ ಕಾಣುವುದೇ ಇಲ್ಲ.

ಮೊದಲು ತೊಟ್ಟಿ, ಆಮೇಲೆ ನೆಲ

ಸದ್ದಿಲ್ಲದೆ ದೊಡ್ಡಿಯ ಮೂಲೆಯಲ್ಲಿ ಇಪ್ಪತ್ತು ನಿಮಿಷ ಕೂತು ನೋಡಿ. ಫೀಡ್ ಹಿಡಿಸದ ಮರಿಯ ನಡವಳಿಕೆಯೇ ಬೇರೆ. ಹಸಿವಿದೆ, ಹಾಗಾಗಿ ತೊಟ್ಟಿಗೆ ಬರುತ್ತದೆ. ಮೂತಿ ಇಟ್ಟು ಎರಡು ಸಲ ಜಗಿದು ತಲೆ ಕೊಡವುತ್ತದೆ. ಬಾಯಲ್ಲಿದ್ದ ಅರ್ಧ ಕೆಳಗೆ ಉದುರುತ್ತದೆ. ನಿಪ್ಪಲ್‌ಗೆ ಹೋಗಿ ನೀರು ಕುಡಿದು ಮತ್ತೆ ತೊಟ್ಟಿಗೆ ಬರುತ್ತದೆ, ಮತ್ತೆ ಹಾಗೇ. ಸ್ವಲ್ಪ ಹೊತ್ತಿಗೆ ಪಕ್ಕದ ಮರಿಯ ಕಿವಿ ಕಚ್ಚಲು ಶುರುಮಾಡುತ್ತದೆ. ಸೋಂಕಿನಿಂದ ಬಳಲುವ ಮರಿ ಹೀಗಲ್ಲ. ಅದು ತೊಟ್ಟಿಯ ಕಡೆ ತಿರುಗಿಯೂ ನೋಡದೆ ಬೆನ್ನು ಬಾಗಿಸಿ ನಿಂತಿರುತ್ತದೆ ಅಥವಾ ಮಲಗಿರುತ್ತದೆ. ನಿಪ್ಪಲ್ ಕೆಳಗಿನ ನೆಲವನ್ನೂ ನೋಡಿ. ಅಲ್ಲಿ ಜಗಿದು ಉಗುಳಿದ ಫೀಡ್ ಗಂಜಿಯಂತೆ ಬಿದ್ದಿದ್ದರೆ ಬರೆದುಕೊಳ್ಳಿ.

ಆಮೇಲೆ ಲೆಕ್ಕದ ಪುಸ್ತಕ. ಇಲ್ಲಿ ಒಂದೇ ಪ್ರಶ್ನೆ: ತಿನ್ನುವುದು ಮೊದಲು ಇಳಿಯಿತೋ, ಭೇದಿ ಮೊದಲು ಬಂತೋ? ಭೇದಿ ಬಂದು ತಿನ್ನುವುದು ಇಳಿದರೆ ಸೋಂಕಿನ ಕಡೆ ವಾಲುತ್ತೇನೆ. ತಿನ್ನುವುದು ಇಳಿದು ಎರಡು ಮೂರು ದಿನಕ್ಕೆ ಭೇದಿ ಬಂದಿದ್ದರೆ ಫೀಡ್ ಕಡೆ. ನಾನು ಒಮ್ಮೆ ನೋಡಿದ ಫಾರಂನಲ್ಲಿ ಪುಸ್ತಕವೇ ಇರಲಿಲ್ಲ, ಆದರೆ ಫೀಡ್ ಹಾಕುವ ಹುಡುಗ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ದಿನಕ್ಕೆಷ್ಟು ಚೀಲ ಅಂತ ಗೀಟು ಹಾಕುತ್ತಿದ್ದ. ಸೋಮವಾರ ಹೊಸ ಮೆಕ್ಕೆಜೋಳ ಬಂದಿತ್ತು. ಮಂಗಳವಾರದಿಂದ ಗೀಟು ಏಳರಿಂದ ಐದಕ್ಕೆ ಇಳಿದಿತ್ತು. ಭೇದಿ ಕಂಡದ್ದು ಶುಕ್ರವಾರ. ಡಾಕ್ಟರ ಚೀಟಿಯಲ್ಲಿ ರೋಗ ಶುಕ್ರವಾರದಿಂದ, ಬಾಗಿಲ ಮೇಲೆ ಮಂಗಳವಾರದಿಂದ. ನಾನು ಬಾಗಿಲನ್ನು ನಂಬಿದೆ.

ಮೂರನೆಯದು, ಅದೇ ಮೆಕ್ಕೆಜೋಳ ತಿನ್ನುತ್ತಿರುವ ಉಳಿದ ದೊಡ್ಡಿಗಳು. ಹೆಣ್ಣುಮರಿಗಳ ಬಾಲ ಎತ್ತಿ ನೋಡಿ. ಇನ್ನೂ ಬೆದೆಯ ವಯಸ್ಸಿಗೆ ಬಾರದ ಮರಿಯ ಯೋನಿ ಕೆಂಪಾಗಿ ಊದಿದ್ದರೆ ಅದು ಝೆರಲೆನೋನ್ ಎಂಬ ವಿಷದ ಗುರುತು, ಅದು ಸ್ತ್ರೀ ಹಾರ್ಮೋನಿನಂತೆ ವರ್ತಿಸುತ್ತದೆ. ಭೇದಿಗೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. ಡಾನ್ ಮಾಡುವ ಫ್ಯುಸೇರಿಯಂ ಜಾತಿಯೇ ಝೆರಲೆನೋನನ್ನೂ ಮಾಡುತ್ತದೆ. ಒಂದು ಇದ್ದಲ್ಲಿ ಇನ್ನೊಂದನ್ನು ಹುಡುಕಲೇಬೇಕು. ಕಾಸು ಖರ್ಚಿಲ್ಲದ ಪರೀಕ್ಷೆ, ಆದರೂ ಮಾಡುವವರು ಕಡಿಮೆ.

ಮಲದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ನೆಲದ್ದಲ್ಲ, ಮರಿಯಿಂದ ನೇರವಾಗಿ ಹಿಡಿದ ಭೇದಿಗೆ ಪಿಎಚ್ ಕಾಗದ ಅದ್ದಿ. 8ಕ್ಕಿಂತ ಮೇಲೆ ತೋರಿಸಿದರೆ ಇ. ಕೊಲೈ ಕರುಳಿನಿಂದ ನೀರು ಸುರಿಸುತ್ತಿರುವ ಸಾಧ್ಯತೆ ಹೆಚ್ಚು. ಹುಳಿ ಕಡೆ ತೋರಿಸಿದರೆ ಆಹಾರ ಹೀರದೆ ಹುಳಿತು ಬರುತ್ತಿದೆ, ರೋಟಾವೈರಸ್‌ನಲ್ಲೂ ಹೀಗೇ. ಇದು ಸುಳಿವು, ತೀರ್ಪಲ್ಲ.

ಅದಲುಬದಲು ಪರೀಕ್ಷೆ

ಲ್ಯಾಬ್ ವರದಿಗಾಗಿ ಕಾಯುತ್ತಾ ಕೂರುವ ಬದಲು ಅವತ್ತೇ ಶುರು ಮಾಡಬಹುದಾದ ಪರೀಕ್ಷೆ ಇದು. ನನ್ನ ಮಟ್ಟಿಗೆ ಇಡೀ ತನಿಖೆಯಲ್ಲಿ ಇದಕ್ಕೇ ಹೆಚ್ಚು ಬೆಲೆ.

ಒಂದೇ ವಯಸ್ಸಿನ, ಹತ್ತಿರ ಹತ್ತಿರ ಒಂದೇ ತೂಕದ ಮರಿಗಳಿರುವ ಎರಡು ದೊಡ್ಡಿ ಆರಿಸಿ. ಒಂದಕ್ಕೆ ಈಗಿನ ಫೀಡ್ ಮುಂದುವರಿಯಲಿ. ಇನ್ನೊಂದರ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಮೂಲೆಗಳನ್ನು ಕೆರೆದು ಒರೆಸಿ, ಬೇರೆ ಫೀಡ್ ಹಾಕಿ. ‘ಬೇರೆ’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿಯಿರಿ. ಅದೇ ಮಿಲ್‌ನ ಹೊಸ ಚೀಲ ಬೇರೆಯಲ್ಲ, ಅದೇ ಲಾಟ್‌ನ ಜೋಳವನ್ನು ಹೊಸದಾಗಿ ಬೀಸಿದ್ದೂ ಬೇರೆಯಲ್ಲ. ಕಾಳೇ ಬೇರೆ ಲಾಟ್‌ನದಾಗಿರಬೇಕು. ಈ ಪರೀಕ್ಷೆ ಕೆಟ್ಟದ್ದನ್ನೆಲ್ಲ ನೆನೆಸಿಕೊಂಡರೆ ಹತ್ತರಲ್ಲಿ ಹೆಚ್ಚಿನವು ಇಲ್ಲೇ ಎಡವಿದ್ದವು. ಔಷಧಿ, ನೀರು, ಬಿಸಿ ಎರಡೂ ಕಡೆ ಒಂದೇ ಇರಲಿ. ಬೆಳಿಗ್ಗೆ, ಸಂಜೆ ಹಾಕಿದ್ದನ್ನೂ ಉಳಿದದ್ದನ್ನೂ ತೂಕ ಮಾಡಿ ಬರೆದಿಡಿ.

ಡಾನ್ ಇದ್ದರೆ ಉತ್ತರ ಬೇಗ ಬರುತ್ತದೆ. ಒಳ್ಳೆಯ ಫೀಡ್ ಸಿಕ್ಕ ದೊಡ್ಡಿ ಒಂದರಿಂದ ಮೂರು ದಿನದಲ್ಲಿ ತಿನ್ನುವುದರಲ್ಲಿ ಮುಂದೆ ಹೋಗುತ್ತದೆ. ಆಮೇಲೆ ಫೀಡ್ ಅದಲುಬದಲು ಮಾಡಿ ನೋಡಿದಾಗ ಈ ದೊಡ್ಡಿ ಇಳಿದು ಆ ದೊಡ್ಡಿ ಏರಿದರೆ ವಾದಕ್ಕೆ ಜಾಗವಿಲ್ಲ.

ಎರಡು ಎಚ್ಚರಿಕೆ. ಮೊದಲನೆಯದು, ಫೀಡ್ ಒಳ್ಳೆಯದೋ ಕೆಟ್ಟದ್ದೋ ಎಂದು ಭೇದಿ ನೋಡಿ ತೀರ್ಮಾನಿಸಬೇಡಿ, ತೊಟ್ಟಿ ನೋಡಿ. ಹಸಿವು ಮರುದಿನವೇ ಮರಳಬಹುದು. ಕರುಳಿನ ಪದರ ಕಟ್ಟಿಕೊಳ್ಳಲು ಅದರ ಮೂರರಿಂದ ಐದು ದಿನ ಬೇಕು, ಬ್ಯಾಕ್ಟೀರಿಯಾಗಳ ಸಂಸಾರ ಹದಕ್ಕೆ ಬರಲು ಅದಕ್ಕಿಂತ ಹೆಚ್ಚು. ಮೂರನೇ ದಿನವೂ ನೆಲ ಒದ್ದೆಯಿದೆ ಎಂದು ಪರೀಕ್ಷೆ ಕೈಬಿಟ್ಟವರು ಬಹಳ. ಎರಡನೆಯದು, ಫ್ಯುಮೋನಿಸಿನ್, ಝೆರಲೆನೋನ್ ಫೀಡ್‌ನ ರುಚಿಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಎರಡೂ ದೊಡ್ಡಿ ಸಮಸಮ ತಿಂದ ಮಾತ್ರಕ್ಕೆ ಅವು ಇಲ್ಲ ಎನ್ನುವಂತಿಲ್ಲ; ಅದಕ್ಕೆ ಲ್ಯಾಬ್ ಬೇಕೇ ಬೇಕು.

ಯಾವ ವಿಷ ಎಂಬ ಊಹೆ

ಯಾವುದಕ್ಕೆ ಪರೀಕ್ಷೆ ಮಾಡಿಸಬೇಕು ಎಂದು ತಿಳಿಯಲು ಮಾತ್ರ ಈ ಊಹೆ. ತಿನ್ನಲು ನಿರಾಕರಣೆ, ಅಲ್ಲಲ್ಲಿ ವಾಂತಿ ಇದ್ದರೆ ಡಾನ್. ಮೂತಿ, ತುಟಿ, ನಾಲಿಗೆಯ ಮೇಲೆ ಹುಣ್ಣಾದಂತಿದ್ದರೆ ಟಿ-2. ತಿನ್ನುತ್ತವೆ, ಆದರೆ ಮೈಗೆ ಹತ್ತುವುದಿಲ್ಲ, ರೋಮ ಒರಟು, ಕಣ್ಣು ಹಳದಿ ಎಂದಾದರೆ ಅಫ್ಲಾಟಾಕ್ಸಿನ್ ಯಕೃತ್ತಿಗೆ ಕೈ ಹಾಕಿದೆ. ವಿಪರೀತ ನೀರು, ವಿಪರೀತ ಮೂತ್ರ ಇದ್ದರೆ ಓಕ್ರಟಾಕ್ಸಿನ್, ಮೂತ್ರಪಿಂಡದ ಶತ್ರು. ಫ್ಯುಮೋನಿಸಿನ್ ಪ್ರಮಾಣ ದೊಡ್ಡದಾದರೆ ಶ್ವಾಸಕೋಶದಲ್ಲಿ ನೀರು ತುಂಬಿ ಮರಿ ಏದುಸಿರು ಬಿಟ್ಟು ಸಾಯುತ್ತದೆ. ಸಣ್ಣದಾದರೆ ಹೊರಗೆ ಏನೂ ತೋರದೆ ಇ. ಕೊಲೈಗೆ ಜಾಗ ಮಾಡಿಕೊಡುತ್ತದೆ.

ಬೂಷ್ಟಿನ ಬಣ್ಣವೂ ಸ್ವಲ್ಪ ಹೇಳುತ್ತದೆ. ಮೆಕ್ಕೆಜೋಳದ ಕಾಳಿನಲ್ಲಿ ಗುಲಾಬಿ–ಕೆಂಪು ಛಾಯೆ ಇದ್ದರೆ ಡಾನ್, ಝೆರಲೆನೋನ್ ಮಾಡುವ ಫ್ಯುಸೇರಿಯಂ. ಹಸಿರು–ಹಳದಿ ಪುಡಿಯಿದ್ದರೆ ಅಫ್ಲಾಟಾಕ್ಸಿನ್ ಮಾಡುವ ಆಸ್ಪರ್ಜಿಲಸ್. ಆದರೆ ಬೂಷ್ಟು ಕಾಣದ ಕಾಳಿನಲ್ಲಿ ವಿಷ ತುಂಬಿರಬಹುದು, ಬೂಷ್ಟು ಹಿಡಿದದ್ದರಲ್ಲಿ ವಿಷ ಇಲ್ಲದೆಯೂ ಇರಬಹುದು. ಬೂಷ್ಟು ಸತ್ತರೂ ಅದು ಬಿಟ್ಟ ವಿಷ ಸಾಯುವುದಿಲ್ಲ. ಒಣಗಿಸಿದರೂ, ಆವಿಯಲ್ಲಿ ಬಿಸಿಮಾಡಿ ಪೆಲೆಟ್ ಒತ್ತಿದರೂ ಹೋಗುವುದಿಲ್ಲ. ಪೆಲೆಟ್ ಮಾಡಿದ ಫೀಡ್ ನೋಡಲು ಚೊಕ್ಕ, ಮುಗ್ಗಲು ವಾಸನೆಯೂ ಇಲ್ಲ. ಅದನ್ನು ನೋಡಿ ಮೋಸಹೋಗಬೇಡಿ.

ಅತಿನೇರಳೆ (ಯುವಿ) ದೀಪದಲ್ಲಿ ಕಾಳು ಹಸಿರು–ಹಳದಿಯಾಗಿ ಹೊಳೆದರೆ ಅಫ್ಲಾಟಾಕ್ಸಿನ್ ಎಂಬ ನಂಬಿಕೆಯೊಂದಿದೆ. ಆ ಹೊಳಪು ಬರುವುದು ಅದೇ ಬೂಷ್ಟು ಬಿಡುವ ಕೋಜಿಕ್ ಆಮ್ಲದಿಂದ, ವಿಷದಿಂದಲ್ಲ. ಹೊಳೆದರೆ ಲ್ಯಾಬ್‌ಗೆ ಕಳಿಸಲು ಒಂದು ಕಾರಣ ಸಿಕ್ಕಿತು, ಅಷ್ಟೇ.

ಮಾದರಿ ತೆಗೆಯುವಲ್ಲೇ ಅರ್ಧ ತಪ್ಪು

ನೂರು ಚೀಲದಲ್ಲಿ ವಿಷ ಸಮನಾಗಿ ಹರಡಿರುವುದಿಲ್ಲ. ಒಂದೊಂದು ಕಾಳಿನಲ್ಲಿ ಸಾವಿರ ಕಾಳಿಗಾಗುವಷ್ಟು ವಿಷ ಇದ್ದು ಪಕ್ಕದ್ದು ಶುದ್ಧವಾಗಿರಬಹುದು. ಹೀಗಿರುವಾಗ ಮೇಲಿನ ಚೀಲದಿಂದ ಒಂದು ಬೊಗಸೆ ತೆಗೆದು ಕಳಿಸಿದರೆ ಲ್ಯಾಬ್ ಎಷ್ಟೇ ಒಳ್ಳೆಯದಿರಲಿ, ಉತ್ತರ ಲಾಟರಿ. ಒಟ್ಟು ತಪ್ಪಿನಲ್ಲಿ ದೊಡ್ಡ ಪಾಲು ಯಂತ್ರದ್ದಲ್ಲ, ಮಾದರಿ ತೆಗೆದ ಕೈಯದ್ದು.

ಫೀಡ್ ಹರಿಯುತ್ತಿರುವಾಗ, ಅಂದರೆ ಫೀಡ್ ತುಂಬಿಡುವ ಸೈಲೊದಿಂದ ಸುರಿಯುವಾಗಲೋ ಮಿಕ್ಸರ್‌ನಿಂದ ಇಳಿಯುವಾಗಲೋ, ಮೊದಲಿನಿಂದ ಕೊನೆಯ ತನಕ ಇಪ್ಪತ್ತು ಮೂವತ್ತು ಸಲ ಹಿಡಿ ಹಿಡಿ ತೆಗೆಯಿರಿ. ಚೀಲಗಳಾದರೆ ಬೇರೆ ಬೇರೆ ಸಾಲಿನ ಚೀಲಗಳಿಗೆ ಕೊಳವೆ ಚುಚ್ಚಿ ತೆಗೆಯಿರಿ. ಎಲ್ಲವನ್ನೂ ಒಟ್ಟು ಮಾಡಿ, ಕಾಳಾದರೆ ಪೂರ್ತಿ ಬೀಸಿ, ಚೆನ್ನಾಗಿ ಕಲಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಇಟ್ಟುಕೊಳ್ಳುತ್ತಾ ಒಂದೆರಡು ಕಿಲೋಗೆ ಇಳಿಸಿ. ಕಾಗದದ ಚೀಲದಲ್ಲಿ ಕಳಿಸಿ. ತೇವದ ಫೀಡನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ದಾರಿಯಲ್ಲೇ ಹೊಸ ಬೂಷ್ಟು ಬೆಳೆದು, ನಿಮ್ಮ ಮರಿಗಳು ತಿಂದೇ ಇಲ್ಲದ ವಿಷಕ್ಕೆ ವರದಿ ಬರುತ್ತದೆ.

ಗಂಟು ಕಟ್ಟಿದ ಮುದ್ದೆಯನ್ನೇ ಆರಿಸಿ ಕಳಿಸುವವರಿದ್ದಾರೆ. ಬೇಕಿದ್ದರೆ ಅದನ್ನು ಬೇರೆ ಚೀಲದಲ್ಲಿ, ಬೇರೆ ಹೆಸರಿನಲ್ಲಿ ಕಳಿಸಿ. ಮುದ್ದೆ ಕೆಟ್ಟಿದೆ ಎಂಬುದು ನಿಮಗೇ ಗೊತ್ತು, ಮರಿಗಳು ತಿಂದದ್ದರಲ್ಲಿ ಎಷ್ಟಿದೆ ಎಂಬುದು ಪ್ರಶ್ನೆ. ಮರಿಯ ರಕ್ತದಲ್ಲಿ ಡಾನ್ ಹುಡುಕುವುದಾದರೆ ಕೆಟ್ಟ ಫೀಡ್ ಇನ್ನೂ ನಡೆಯುತ್ತಿರುವಾಗಲೇ ಹುಡುಕಬೇಕು. ಹಂದಿಯ ಮೈಯಿಂದ ಅದು ಬೇಗ ಹೊರಬೀಳುತ್ತದೆ, ಫೀಡ್ ಬದಲಿಸಿದ ಎರಡು ದಿನಕ್ಕೆ ರಕ್ತ ತೆಗೆದರೆ ಏನೂ ಸಿಗುವುದಿಲ್ಲ.

ವರದಿ ಓದುವಾಗ

ಮೊದಲು ಅಳತೆ ನೋಡಿ, ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಅಥವಾ ಪಿಪಿಬಿ (ನೂರು ಕೋಟಿಯಲ್ಲಿ ಒಂದು ಪಾಲು). ಎರಡಕ್ಕೂ ಸಾವಿರ ಪಟ್ಟು ಅಂತರ. 900 ಪಿಪಿಬಿ ಅಂದರೆ 0.9 ಪಿಪಿಎಂ. ‘ಪತ್ತೆಯಾಗಿಲ್ಲ’ ಎಂದಿದ್ದರೆ ಯಾವುದಕ್ಕೆ ಹುಡುಕಿದ್ದರು ಎಂದು ನೋಡಿ. ಅಫ್ಲಾಟಾಕ್ಸಿನ್‌ಗೆ ಮಾತ್ರ ಪರೀಕ್ಷೆ ಮಾಡಿಸಿ ‘ಫೀಡ್ ಸರಿಯಿದೆ’ ಎಂದು ಆರು ತಿಂಗಳು ಒದ್ದಾಡಿದವರನ್ನು ಕಂಡಿದ್ದೇನೆ. ವಿಷವನ್ನು ಸ್ಥಳದಲ್ಲೇ ಅಳೆಯಲು ಕಾಳಿಗೆಂದು ತಯಾರಾದ ಸ್ಟ್ರಿಪ್‌ಗಳನ್ನು ಹತ್ತಾರು ಪದಾರ್ಥ ಬೆರೆತ ಸಿದ್ಧ ಫೀಡ್ ಮೇಲೆ ಪ್ರಯೋಗಿಸಿದರೆ ಅಂಕಿ ಹಾದಿ ತಪ್ಪುತ್ತದೆ. ಕಾಳು, ಹಿಂಡಿ, ತೌಡನ್ನು ಬೇರೆ ಬೇರೆಯಾಗಿ ಪರೀಕ್ಷಿಸುವುದೇ ಮೇಲು.

ಐರೋಪ್ಯ ಒಕ್ಕೂಟ 2006ರಲ್ಲಿ ಹಂದಿಯ ಫೀಡ್‌ಗೆ ಕೊಟ್ಟ ಮಾರ್ಗದರ್ಶಿ ಮಿತಿಗಳು ಅಳತೆಗೋಲಾಗಿ ಉಪಯೋಗಕ್ಕೆ ಬರುತ್ತವೆ: ಡಾನ್ 0.9 ಪಿಪಿಎಂ, ಮರಿಗಳಿಗೆ ಝೆರಲೆನೋನ್ 0.1, ಓಕ್ರಟಾಕ್ಸಿನ್ 0.05, ಫ್ಯುಮೋನಿಸಿನ್ 5. ಡಾನ್ 1 ಪಿಪಿಎಂ ಸುತ್ತಮುತ್ತ ಬಂದರೆ ತಿನ್ನುವುದು ಇಳಿಯಲು ಶುರು. 12ರ ಹತ್ತಿರ ಪೂರ್ತಿ ನಿರಾಕರಣೆ, 20ಕ್ಕೆ ವಾಂತಿ. ಲೆಕ್ಕ ಹಾಕುವುದು ಸಿದ್ಧ ಫೀಡ್‌ಗೆ. ಜೋಳದಲ್ಲಿ 2.5 ಪಿಪಿಎಂ ಡಾನ್ ಇದ್ದು ಫೀಡ್‌ನಲ್ಲಿ ಜೋಳ ನೂರಕ್ಕೆ 60 ಇದ್ದರೆ ಜೋಳದ ಪಾಲೇ 1.5. ಎಥೆನಾಲ್ ಕಾರ್ಖಾನೆಯ ಒಣ ಚರಟ ಬೆರೆಸಿದ್ದರೆ ಅದನ್ನು ಬಿಡದೆ ಪರೀಕ್ಷಿಸಿ. ಪಿಷ್ಟ ಹುದುಗಿ ಹೋಗಿ ವಿಷ ಉಳಿಯುವುದರಿಂದ ಮೂಲ ಕಾಳಿಗಿಂತ ಮೂರು ಪಟ್ಟು ಗಟ್ಟಿಯಾಗಿರುತ್ತದೆ. ಇನ್ನು, ಈ ಮಿತಿಗಳೆಲ್ಲ ಒಂದೊಂದು ವಿಷಕ್ಕೆ ಬೇರೆ ಬೇರೆಯಾಗಿ ಕಟ್ಟಿದವು. ಮೂರು ವಿಷ ಮಿತಿಯ ಒಳಗೇ ಇದ್ದು ಮೂರೂ ಒಟ್ಟಿಗೆ ಇದ್ದರೆ ಆ ಫೀಡನ್ನು ಹಾಲು ಬಿಟ್ಟ ಮರಿಗೆ ನಾನು ಹಾಕುವುದಿಲ್ಲ.

ಕರುಳಿನ ಬ್ಯಾಕ್ಟೀರಿಯಾದ ಡಿಎನ್ಎ ಪರೀಕ್ಷೆ?

ಬೇಡ. ಈ ವಿಷ ಇದ್ದರೆ ಇಂಥ ಬ್ಯಾಕ್ಟೀರಿಯಾ ಹೆಚ್ಚುತ್ತದೆ ಎಂಬ ಖಚಿತ ಹೆಬ್ಬೆಟ್ಟಿನ ಗುರುತು ಇಲ್ಲ. ಒಂದು ಪ್ರಯೋಗದಲ್ಲಿ ಏರಿದ ಕುಲ ಇನ್ನೊಂದರಲ್ಲಿ ಇಳಿದಿದೆ. ಹಾಲು ಬಿಡಿಸಿದ್ದೊಂದೇ ಸಾಕು, ಲ್ಯಾಕ್ಟೋಬ್ಯಾಸಿಲಸ್ ಇಳಿದು ಇ. ಕೊಲೈ ಬಳಗ ಏರಲು. ಸಂಶೋಧನೆಗೆ ಒಳ್ಳೆಯ ಸಾಧನ, ಫಾರಂನ ದೋಷ ಹುಡುಕಲು ಅಲ್ಲ. ಆ ದುಡ್ಡಿನಲ್ಲಿ ಇನ್ನೆರಡು ಫೀಡ್ ಮಾದರಿ ಕಳಿಸಿ.

ದೋಷ ಸಿಕ್ಕ ಮೇಲೆ

ಫೀಡ್ ನಿಲ್ಲಿಸುವುದೇ ಚಿಕಿತ್ಸೆ, ಉಳಿದದ್ದೆಲ್ಲ ಆಸರೆ. ಸ್ವಚ್ಛ ಫೀಡ್ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಸಲ, ಜೊತೆಗೆ ಓಆರ್‌ಎಸ್‌ನಂಥ ಲವಣದ ನೀರು. ಇ. ಕೊಲೈ ಎದ್ದಿರುವ ಮರಿಗಳಿಗೆ ಆಂಟಿಬಯಾಟಿಕ್ ಬೇಕೋ ಬೇಡವೋ ಎಂಬುದು ಪಶುವೈದ್ಯರ ತೀರ್ಮಾನ. ಫೀಡ್ ಬದಲಿಸದೆ ಔಷಧಿ ಕೊಡುವುದೆಂದರೆ ಡಾನ್‌ನನ್ನು ಬಿಟ್ಟು ಅವನ ಬಂಟನನ್ನು ಹಿಡಿದ ಹಾಗೆ. ನಾಳೆ ಇನ್ನೊಬ್ಬ ಬಂಟ ಸಿಗುತ್ತಾನೆ.

‘ಟಾಕ್ಸಿನ್ ಬೈಂಡರ್’ ಚೀಲಗಳ ಬಗ್ಗೆ ಒಂದು ಮಾತು. ಬೆಂಟೊನೈಟ್‌ನಂಥ ಜೇಡಿಮಣ್ಣು ಅಫ್ಲಾಟಾಕ್ಸಿನನ್ನು ಚೆನ್ನಾಗಿ ಹಿಡಿಯುತ್ತದೆ. ಡಾನ್‌ನ ಮೇಲೆ ಅದರ ಆಟ ನಡೆಯುವುದಿಲ್ಲ. ಡಾನ್‌ಗೆ ಅದರ ಕೊಂಡಿ ಮುರಿಯುವ ಬ್ಯಾಕ್ಟೀರಿಯಾ, ಫ್ಯುಮೋನಿಸಿನ್‌ಗೆ ಅದನ್ನು ತುಂಡರಿಸುವ ಕಿಣ್ವ ಹೀಗೆ ಬೇರೆ ಬೇರೆ ಇವೆ. ಚೀಲದ ಮೇಲೆ ಯಾವ ವಿಷಕ್ಕೆ ಎಂದು ಬರೆಯದೆ ‘ಎಲ್ಲಾ ವಿಷಗಳಿಗೂ’ ಎಂದಿದ್ದರೆ ಕೆಳಗಿಡಿ. ಬೂಷ್ಟು ತಡೆಯುವ ಪ್ರೊಪಿಯಾನಿಕ್ ಆಮ್ಲ ಮುಂದೆ ಬೂಷ್ಟು ಬೆಳೆಯದಂತೆ ನೋಡಿಕೊಳ್ಳುತ್ತದೆ, ಈಗಾಗಲೇ ಇರುವ ವಿಷವನ್ನು ಮುಟ್ಟುವುದಿಲ್ಲ. ಸಿಹಿ, ಪರಿಮಳ ಬೆರೆಸಿ ತಿನ್ನಿಸುವ ಉಪಾಯವೂ ಡಾನ್ ಎದುರು ಸೋಲುತ್ತದೆ. ಮರಿ ತಿನ್ನದಿರುವುದು ಬರೀ ನಾಲಿಗೆಯ ಮಾತಲ್ಲ, ಕರುಳು ಮಿದುಳಿಗೆ ಕಳಿಸುವ ‘ಸಾಕು’ ಎಂಬ ಸಂದೇಶದ್ದೂ ಹೌದು. ಒಳ್ಳೆಯ ಬ್ಯಾಕ್ಟೀರಿಯಾಗಳ ಪುಡಿ ಕೊಡುವುದಿದ್ದರೆ ಫೀಡ್ ಬದಲಾದ ಮೇಲೆ ಕೊಡಿ. ಹರಿಯುವ ವಿಷದ ನಡುವೆ ನಾಟಿ ಮಾಡಿ ಫಲವಿಲ್ಲ.

ಉಳಿದ ಕಾಳನ್ನು ಏನು ಮಾಡುವುದು? ಜರಡಿ ಹಿಡಿದು ನುಚ್ಚು, ಒಡಕು, ದೂಳು ತೆಗೆದರೆ ವಿಷದ ಒಳ್ಳೆಯ ಪಾಲು ಅದರೊಡನೆ ಹೋಗುತ್ತದೆ, ಆ ದೂಳನ್ನು ಯಾವ ಪ್ರಾಣಿಗೂ ಹಾಕಬೇಡಿ. ಡಾನ್ ಮಾತ್ರ ಇರುವ ಕಾಳನ್ನು ಕೋಳಿ ತಡೆದುಕೊಳ್ಳುತ್ತದೆ. ಅಫ್ಲಾಟಾಕ್ಸಿನ್ ಇದ್ದರೆ ಆ ದಾರಿಯೂ ಇಲ್ಲ, ಹಾಲು ಕರೆಯುವ ಹಸುವಿಗಂತೂ ಕೂಡದು, ಅದು ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಸ್ಥಳೀಯ ನಿಯಮ ಮಿತಿ ಮೀರಿದ ಕಾಳನ್ನು ಬೆರೆಸಿ ತೆಳುಮಾಡುವುದನ್ನು ನಿಷೇಧಿಸಿದ್ದರೆ ಅಲ್ಲಿಗೆ ಮುಗಿಯಿತು. ಯಾವ ಸಂದರ್ಭದಲ್ಲೂ ಗೋದಾಮಿನ ಅತ್ಯಂತ ಚೊಕ್ಕ ಕಾಳು ಹಾಲು ಬಿಟ್ಟ ಮರಿಗಳಿಗೆ ಹೋಗಬೇಕು, ಅನುಮಾನದ್ದು ಅವಕ್ಕೆ ಕಡೆಯದಾಗಿಯೂ ಬೇಡ.

ಸೈಲೊ ಖಾಲಿಯಾದಾಗ ಕೆಳಬಾಯಿ ತೆರೆದು ಟಾರ್ಚ್ ಬಿಡಿ. ಗೋಡೆಗೆ ಅಂಟಿಕೊಂಡು ಕಪ್ಪಗೆ ಹಲ್ಲೆಗಟ್ಟಿದ ಪದರ ಇದ್ದರೆ ಪ್ರತಿ ಹೊಸ ಲೋಡೂ ಅದನ್ನು ಸವರಿಕೊಂಡೇ ಇಳಿಯುತ್ತಿರುತ್ತದೆ. ಅದನ್ನು ಕೆರೆಸಿ, ಒಣಗಿಸಿ ಆಮೇಲೆ ತುಂಬಿ. ಕಾಳಿನ ತೇವ ನೂರಕ್ಕೆ 13–14ರ ಒಳಗಿರಲಿ; ಚೀಲದೊಳಗೆ ಮೊಣಕೈ ತನಕ ಕೈ ತೂರಿಸಿದಾಗ ಬೆಚ್ಚಗೆ ಅನ್ನಿಸಿದರೆ ಒಳಗೆ ಬೂಷ್ಟು ಉಸಿರಾಡುತ್ತಿದೆ. ಗೋದಾಮು ಚೊಕ್ಕವಿದ್ದೂ ಡಾನ್ ಬಂದಿದ್ದರೆ ಗೋದಾಮನ್ನು ಬೈಯಬೇಡಿ, ಅದು ಹೊಲದಿಂದಲೇ ಬಂದದ್ದು. ಆಗ ತಪಾಸಣೆ ಲಾರಿ ಇಳಿಯುವ ಮೊದಲೇ ಆಗಬೇಕು.

ಇಳಿಯುವ ಪ್ರತಿ ಲಾಟ್‌ನಿಂದಲೂ ಮೇಲೆ ಹೇಳಿದಂತೆ ತೆಗೆದ ಒಂದು ಕಿಲೋ ಮಾದರಿಯನ್ನು ದಿನಾಂಕ, ಲಾಟ್ ಸಂಖ್ಯೆ ಬರೆದು ಒಣ ಜಾಗದಲ್ಲಿ ತೆಗೆದಿಡಿ. ಭೇದಿ ಕಣ್ಣಿಗೆ ಬೀಳುವ ಹೊತ್ತಿಗೆ ಅದಕ್ಕೆ ಕಾರಣವಾದ ಫೀಡ್ ತಿಂದು ಖಾಲಿಯಾಗಿರುತ್ತದೆ. ಆ ಲಾಟ್ ತಿಂದ ಮರಿಗಳ ತಂಡ ಫಾರಂ ಬಿಟ್ಟು ಹೋಗುವ ತನಕ ಆ ಪೊಟ್ಟಣ ಎಸೆಯಬೇಡಿ.